ಶುಕ್ರವಾರ ಸಂಜೆ ಹೋಗೋದಾ, ಬೇಡ್ವಾ?

ಸಾವೊ ಪಾಲೊಗೆ ಬಂದು ಎರಡು ತಿಂಗಳಾಯಿತು, ಆಫೀಸು ಬಿಟ್ಟರೆ ಮನೆ, ಕನ್ನಡ ಮಾತಾಡುವವರು ಒಬ್ಬರೂ ಸಿಕ್ಕಿಲ್ಲ ಅಂತ ಬರೆದಿದ್ದೀರಿ. ಶುಕ್ರವಾರ ಸೆಸ್ಕ್‌ನಲ್ಲಿ 'ಬಾರವೆಂಟೊ' ಅನ್ನುವ ಹಳೇ ಸಿನಿಮಾ, ಅದಾದ ಮೇಲೆ ಬ್ರೆಜಿಲ್‌ನ ಈಶಾನ್ಯದ ಬಾಹಿಯಾ ರಾಜ್ಯದವರ ಆಫ್ರೋ-ಬ್ರೆಜಿಲಿಯನ್ ವಾದ್ಯ ಮತ್ತು ಹಾಡು. ಆಫೀಸಿನ ಗೆಳತಿ ಕರೆದಿದ್ದಾಳೆ. ಪೋರ್ಚುಗೀಸ್ ಬರುವುದಿಲ್ಲ, ಅದೇನೋ ಪೂಜೆ ಗೀಜೆ ಇರುತ್ತಂತೆ, ತಿನ್ನಲು ಏನಾದರೂ ಸಿಗುತ್ತೋ ಇಲ್ಲವೋ, ಹೋಗಲಾ ಅಕ್ಕಾ ಅಂತ ಕೇಳಿದ್ದೀರಿ.

ಹೋಗಿ. ಕನ್ನಡದವರು ಸಿಗಲಿ, ಭಾಷೆ ಬರಲಿ ಅಂತ ಕಾಯುತ್ತಾ ಕೂತರೆ ಇಲ್ಲಿ ವರ್ಷಗಳೇ ಕಳೆದುಹೋಗುತ್ತವೆ.

ಸೆಸ್ಕ್ ಅಂದರೆ ದುಡ್ಡಿದ್ದವರ ಕ್ಲಬ್ ಅಲ್ಲ. ಕಲೆ, ಕ್ರೀಡೆ, ಬಿಡುವಿನ ಚಟುವಟಿಕೆಗಳಿಗೆಂದು ಜಾಗಗಳನ್ನು ನಡೆಸುವ, 1946ರಲ್ಲಿ ಶುರುವಾದ ಸಂಸ್ಥೆ. ವ್ಯಾಪಾರ, ಸೇವೆಯ ಕಂಪನಿಗಳು ಸಂಬಳದ ಲೆಕ್ಕದಲ್ಲಿ ಕಟ್ಟುವ ಹಣದಿಂದ ನಡೆಯುತ್ತದೆ. ಹಾಗಾಗಿ ಟಿಕೆಟ್ ಅಗ್ಗ, ಎಷ್ಟೋ ಕಾರ್ಯಕ್ರಮ ಪುಕ್ಕಟೆ. ಒಳಗೆ ಸುಮ್ನೆ ಕೂತು ಪೇಪರ್ ಓದಿದರೂ ಯಾರೂ ಕೇಳುವುದಿಲ್ಲ. ಬಿಡುವಾದಾಗ ಪೊಂಪೇಯಾ ಬಡಾವಣೆಯ ಸೆಸ್ಕ್ ನೋಡಿ ಬನ್ನಿ. ಹಳೇ ಕಾರ್ಖಾನೆಯನ್ನು ಕೆಡವಲು ಬಿಡದೆ ವಾಸ್ತುಶಿಲ್ಪಿ ಲೀನಾ ಬೊ ಬಾರ್ಡಿ ರೂಪಿಸಿದ ಜಾಗ ಅದು.

ಸಿನಿಮಾ ನಿರ್ದೇಶಕ ಗ್ಲಾಬರ್ ರೋಚಾನದ್ದು, 1962ರದ್ದು, ಕಪ್ಪು ಬಿಳುಪು. ಬಾಹಿಯಾ ಕರಾವಳಿಯ ಕಪ್ಪು ಜನರ ಮೀನುಗಾರರ ಹಳ್ಳಿ. ಮೀನು ಹಿಡಿಯುವವರು ಇವರು, ಬಲೆ ಮಾತ್ರ ಸಾಹುಕಾರನದ್ದು. ಪಟ್ಟಣದಿಂದ ವಾಪಸ್ ಬಂದ ಫಿರ್ಮಿನೊ, ದೇವರನ್ನು ನಂಬಿ ಕೂತಿದ್ದೀರಿ, ಅದಕ್ಕೇ ಈ ಗತಿ ಅಂತ ರೇಗುತ್ತಾನೆ. ಇಷ್ಟು ಗೊತ್ತಿದ್ದರೆ ಸಾಕು, ಮಿಕ್ಕಿದ್ದು ಕಣ್ಣಿಗೇ ತಿಳಿಯುತ್ತದೆ. ಬಲೆ ಎಳೆಯುವಾಗಿನ ಹಾಡು ಮಾತ್ರ ತಪ್ಪಿಸಿಕೊಳ್ಳಬೇಡಿ.

ನನಗೆ ಆ ಸಿನಿಮಾದ ಮೇಲೆ ಒಂದು ತಕರಾರಿದೆ. ಶುರುವಿನಲ್ಲೇ ತೆರೆಯ ಮೇಲೆ ಒಂದು ಬರಹ ಬರುತ್ತದೆ. ಆಫ್ರಿಕಾದ ದೇವರುಗಳನ್ನು ನಂಬಿದ ಈ ಜನ ಬಡತನ, ಶೋಷಣೆ ಎಲ್ಲವನ್ನೂ ಸುಮ್ಮನೆ ಒಪ್ಪಿಕೊಂಡಿದ್ದಾರೆ ಅನ್ನುವ ಅರ್ಥದ್ದು. ನಿಜವಾಗಿ ಒಪ್ಪಿಕೊಂಡಿದ್ದರೆ ಆ ದೇವರುಗಳ ಪೂಜೆಯ ಮದ್ದಳೆಗಳು ಇವತ್ತಿಗೆ ಉಳಿಯುತ್ತಿದ್ದವಾ? ಬ್ರೆಜಿಲ್‌ನಲ್ಲಿ ಗುಲಾಮಗಿರಿ ಹೋಗಿದ್ದೇ 1888ರಲ್ಲಿ. ಆಮೇಲೂ ಕಂದೊಂಬ್ಲೆ, ಅಂದರೆ ಆ ದೇವರುಗಳನ್ನು ಆರಾಧಿಸುವ ಧರ್ಮದ ಪೂಜೆಯ ಮನೆಗಳ ಮೇಲೆ ಪೊಲೀಸರು ದಾಳಿ ಮಾಡುತ್ತಿದ್ದರು. ಬಾಹಿಯಾದಲ್ಲಿ 1976ರವರೆಗೂ ಪೂಜೆಗೆ ಪೊಲೀಸರ ಪರವಾನಗಿ ಬೇಕಿತ್ತು. ಅಂಥದ್ದರಲ್ಲೂ ತಾಳ ಬಿಡದೆ ಮಕ್ಕಳಿಗೆ ಕಲಿಸಿದವರು ಆ ಮನೆಗಳವರೇ. ಅದಕ್ಕೇ ಈ ಸಿನಿಮಾ ಆದ ಮೇಲೆ ವಾದ್ಯ ಇಟ್ಟಿರುವುದು ನನಗೆ ಹಿಡಿಸಿತು. ತೆರೆಯ ಮೇಲಿನ ಮಾತಿಗೆ ಉತ್ತರ ವೇದಿಕೆಯಿಂದಲೇ ಬರುತ್ತದೆ.

ವೇದಿಕೆಯಲ್ಲಿ ಅತಬಾಕಿ ಅನ್ನುವ ಮೂರು ಉದ್ದನೆಯ ಮದ್ದಳೆ ಇರುತ್ತವೆ. ದೊಡ್ಡದು ಹುಂ, ನಡುವಿನದು ಹುಂಪಿ, ಚಿಕ್ಕದು ಲೆ. ಚಿಕ್ಕವೆರಡೂ ಒಂದೇ ನಡೆಯನ್ನು ಬಿಡದೆ ಹಿಡಿದಿರುತ್ತವೆ. ದೊಡ್ಡದು ಕುಣಿಯುವವರ ಜೊತೆ ಮಾತಾಡುತ್ತದೆ. ಗೊಂದಲ ಆದರೆ ಅಗೊಗೊ ಅನ್ನುವ ಕಬ್ಬಿಣದ ಗಂಟೆಗೆ ಕಿವಿ ಕೊಡಿ, ಲೆಕ್ಕ ಸಿಗುತ್ತದೆ. ಆಮೇಲೆ ಸಾಂಬಾ ಜಿ ರೋಡಾ ಅನ್ನುವ, ಸುತ್ತ ನಿಂತು ಹಾಡಿ ಕುಣಿಯುವ ಸಾಂಬಾ ಬಂದರೆ ಒಬ್ಬ ಹೆಂಗಸು ಊಟದ ತಟ್ಟೆ ಹಿಡಿದು ಅಂಚಿಗೆ ಚಾಕು ಉಜ್ಜುತ್ತಾಳೆ. ಅದೂ ವಾದ್ಯವೇ! ಎಲ್ಲರೂ ಸುತ್ತ ನಿಂತು ಚಪ್ಪಾಳೆ ತಟ್ಟುತ್ತಾರೆ, ನೀವೂ ತಟ್ಟಿ. ಕುಣಿಯುತ್ತಾ ಬಂದವರು ಹೊಟ್ಟೆಗೆ ಹೊಟ್ಟೆ ತಾಕಿಸುವ ಹಾಗೆ ಮಾಡಿದರೆ ಗಾಬರಿಯಾಗಬೇಡಿ. ಮುಂದಿನ ಸರದಿ ನಿಮ್ಮದು ಅಂತ ಕರೆಯುವ ರೀತಿ ಅದು. ಎರಡು ಹೆಜ್ಜೆ ಹಾಕಿ, ಇನ್ನೊಬ್ಬರನ್ನು ಕರೆದು ಆಚೆ ಬಂದರಾಯಿತು.

ನಾನು ಯಲ್ಲಾಪುರದವಳು, ಸಿದ್ದಿಯರ ಡಮಾಮಿ ವಾದ್ಯ ಕೇಳಿ ಬೆಳೆದವಳು. ಪೋರ್ಚುಗೀಸರು ಆಫ್ರಿಕಾದವರನ್ನು ಹಡಗಿನಲ್ಲಿ ಗೋವಾಕ್ಕೂ ತಂದರು, ಬಾಹಿಯಾಕ್ಕೂ ತಂದರು. ಹಾಗಂತ ಎರಡೂ ಒಂದೇ ತಾಳ ಅನ್ನಲಾಗದು. ಸಿದ್ದಿಯರ ಹಿರಿಯರಲ್ಲಿ ಹೆಚ್ಚಿನವರು ಪೂರ್ವ ಆಫ್ರಿಕಾದವರು, ಬಾಹಿಯಾದ ಈ ತಾಳಗಳಲ್ಲಿ ಎಷ್ಟೋ ಪಶ್ಚಿಮ ಆಫ್ರಿಕಾದ ಯೊರುಬಾ ಜನರವು. ಆದರೂ ಹತ್ತಿರದವರ ದನಿ ಕೇಳಿದ ಹಾಗಾಗುತ್ತದೆ, ಏನು ಮಾಡಲಿ.

ಪೂಜೆಯ ಭಯ ಬಿಡಿ. ಪೂಜೆ ನಡೆಯುವುದು ತೆರೇರೊ ಅನ್ನುವ ಅವರ ಪೂಜೆಯ ಮನೆಯಲ್ಲಿ, ಇದು ವೇದಿಕೆ. ಮುಂದೆ ಯಾರಾದರೂ ತೆರೇರೊಗೆ ಕರೆದರೆ ಬಿಳಿ ಬಟ್ಟೆ ಹಾಕಿಕೊಂಡು ಹೋಗಿ, ಕೇಳದೆ ಫೋಟೊ ತೆಗೆಯಬೇಡಿ. ಬಾಹಿಯಾದವರು ಶುಕ್ರವಾರ ಒಶಾಲಾ ದೇವರಿಗೆಂದು ಬಿಳಿ ಉಡುತ್ತಾರೆ. ನಿಮ್ಮ ಹತ್ತಿರ ಬಿಳಿ ಅಂಗಿ ಇದ್ದರೆ ಅವತ್ತು ಅದನ್ನೇ ಹಾಕಿ, ಇಲ್ಲದಿದ್ದರೂ ಪರವಾಗಿಲ್ಲ.

ತಿಂಡಿಗೆ ಅಕರಾಜೆ ಸಿಕ್ಕರೆ ಬಿಡಬೇಡಿ. ಅಲಸಂದೆ ಕಾಳು ನೆನೆಸಿ, ಸಿಪ್ಪೆ ತೆಗೆದು, ಈರುಳ್ಳಿ ಹಾಕಿ ರುಬ್ಬಿ, ತಾಳೆಯ ಕೆಂಪು ಎಣ್ಣೆಯಲ್ಲಿ ಕರಿದದ್ದು. ನಮ್ಮ ವಡೆಯ ನೆಂಟನೇ. ಆದರೆ ಅದನ್ನು ಸೀಳಿ ಒಣ ಸಿಗಡಿ ತುಂಬುತ್ತಾರೆ, ಜೊತೆಗೆ ಹಾಕುವ ವತಪಾ ಅನ್ನುವ ಗಟ್ಟಿ ಗೊಜ್ಜಿನಲ್ಲೂ ಸಿಗಡಿ ಇರುತ್ತದೆ. ನೀವು ಸಸ್ಯಾಹಾರಿಯಾದರೆ ಎರಡೂ ಬೇಡ, ಟೊಮೆಟೊ ಸಲಾಡ್ ಮತ್ತು ಖಾರ ಸಾಕು ಅನ್ನಿ. ಖಾರ ಮೊದಲು ಸ್ವಲ್ಪವೇ ಹಾಕಿಸಿಕೊಳ್ಳಿ.

ಮುಗಿದ ಮೇಲೆ ಯಾರೂ ಬೇಗ ಮನೆಗೆ ಹೋಗುವುದಿಲ್ಲ, ಮೂಲೆಯ ಬಾರ್‌ನಲ್ಲಿ ಕೂರುತ್ತಾರೆ. ಕುಡಿಯದಿದ್ದರೆ ಗ್ವಾರಾನಾ ಅನ್ನುವ ತಂಪು ಪಾನೀಯ ಹೇಳಿ. ಮೆಟ್ರೊ ಮಧ್ಯರಾತ್ರಿಗೆ ನಿಲ್ಲುತ್ತದೆ, ಗಡಿಯಾರ ನೋಡಿಕೊಳ್ಳಿ. ಬೀದಿಯಲ್ಲಿ ಫೋನ್ ಕೈಯಲ್ಲಿ ಹಿಡಿದುಕೊಂಡು ನಡೆಯಬೇಡಿ.