ಸಂಪಾದಕರ ಉತ್ತರ: ಪ್ರತಿಜ್ಞೆ ಸಾಕು, ಬೋನಫೈಡ್ ಕೊಡಿ

ಪತ್ರ: "ಪ್ರತಿ ಜನವರಿ 25ರಂದು ನಮ್ಮ ಕಾಲೇಜಿನಲ್ಲಿ ಮತದಾರರ ಪ್ರತಿಜ್ಞೆ ಮಾಡಿಸುತ್ತೇವೆ, ಜಾಥಾ ಹೊರಡಿಸುತ್ತೇವೆ. ಮತದಾನದ ದಿನ ಹಾಸ್ಟೆಲ್ ಹುಡುಗರು ಮಲಗಿರುತ್ತಾರೆ. ಓಟು ಹಾಕದವರಿಗೆ ಹಾಲ್ ಟಿಕೆಟ್ ಕೊಡಬಾರದು. ಊರಿನ ಋಣ ಇದ್ದವರು ಊರಿಗೆ ಹೋಗಿಯೇ ಓಟು ಹಾಕಲಿ." (ಹೆಸರು ಬೇಡವೆಂದ ಉಪನ್ಯಾಸಕರು)

ಮೇಷ್ಟ್ರೇ, ನಿಮ್ಮ ಸಿಟ್ಟು ಸುಳ್ಳಲ್ಲ. ಓಟಿನ ದಿನ ಮುಸುಕು ಹೊದ್ದು ಮಲಗಿ, ಫಲಿತಾಂಶದ ದಿನ ದೇಶದ ಭವಿಷ್ಯದ ಬಗ್ಗೆ ಗಂಟಲು ಹರಿದುಕೊಳ್ಳುವವರನ್ನು ನಾನೂ ಕಂಡಿದ್ದೇನೆ. ಆದರೆ ಹಾಗೆ ಮಲಗಿದ್ದವರಲ್ಲಿ ಎಷ್ಟು ಮಂದಿಯ ಹೆಸರು ನಿಮ್ಮ ಊರಿನ ಮತದಾರರ ಪಟ್ಟಿಯಲ್ಲಿತ್ತು ಅಂತ ವಿಚಾರಿಸಿದಿರಾ?

2024ರ ಲೋಕಸಭೆ ಚುನಾವಣೆಯನ್ನೇ ನೋಡಿ. ಮೈಸೂರಿನಲ್ಲಿ ಮತದಾನ ಏಪ್ರಿಲ್ 26ಕ್ಕೆ, ಬೀದರಿನಲ್ಲಿ ಮೇ 7ಕ್ಕೆ. ಬೀದರಿನ ಹುಡುಗಿ ಮೈಸೂರಿನಲ್ಲಿ ಓದುತ್ತಿದ್ದರೆ, ಕಾಲೇಜಿಗೆ ರಜೆ ಸಿಕ್ಕ ದಿನ ಅವಳಿಗೆ ಓಟಿಲ್ಲ. ಅವಳ ಓಟಿನ ದಿನ ಕಾಲೇಜಿಗೆ ರಜೆ ಇಲ್ಲ. ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಮಂಗಳವಾರ ಹೋಗಿ ಬರಲು ಅವಳಿಗೆ ಹಾಜರಾತಿ ಕೊಡುವವರು ಯಾರು, ನೀವೇ? ಅಂಚೆ ಮತವೂ ವಿದ್ಯಾರ್ಥಿಗಳಿಗಿಲ್ಲ.

ಊರಿನ ನಂಟು ದೊಡ್ಡದು, ಹೋಗಬಲ್ಲವರು ಹೋಗಲಿ. ಆದರೆ ವರ್ಷದಲ್ಲಿ ಹತ್ತು ತಿಂಗಳು ಆ ಹುಡುಗಿ ಕುಡಿಯುವ ನೀರು, ನಡೆಯುವ ಬೀದಿ, ಹತ್ತುವ ಬಸ್ಸು ಎಲ್ಲ ಮೈಸೂರಿನವು. ಚುನಾವಣಾ ಆಯೋಗವೂ ಇದನ್ನು ಒಪ್ಪಿದೆ. ಮಾನ್ಯತೆ ಪಡೆದ, ಒಂದು ವರ್ಷಕ್ಕೆ ಕಡಿಮೆಯಿಲ್ಲದ ಕೋರ್ಸು ಓದುತ್ತಿರುವ ಹಾಸ್ಟೆಲ್ ವಿದ್ಯಾರ್ಥಿ ತಂದೆತಾಯಿಯ ಮನೆಯ ವಿಳಾಸದಲ್ಲಾದರೂ ಸೇರಬಹುದು, ಹಾಸ್ಟೆಲ್ ವಿಳಾಸದಲ್ಲಾದರೂ ಸೇರಬಹುದು. ಎರಡೂ ಕಡೆ ಮಾತ್ರ ಕೂಡದು. ಹಾಸ್ಟೆಲ್ ವಿಳಾಸಕ್ಕೆ ಬೇಕಾದದ್ದು ಕಾಲೇಜು ಮುಖ್ಯಸ್ಥರ ಒಂದು ಬೋನಫೈಡ್ ಪತ್ರ, ಅಂದರೆ 'ಈಕೆ ನಮ್ಮಲ್ಲಿ ಓದುತ್ತಿರುವುದು ನಿಜ' ಎಂಬ ದೃಢೀಕರಣ.

ಆ ಪತ್ರದ ಕಥೆ ಕೇಳಿ. ನನ್ನ ತಂಗಿಯ ಮಗಳು ಕಾಲೇಜು ಕಚೇರಿಗೆ ಹೋಗಿ ಕೇಳಿದಳು. "ಬಸ್ ಪಾಸಿಗೋ, ಸ್ಕಾಲರ್‌ಶಿಪ್ಪಿಗೋ?" ವೋಟರ್ ಲಿಸ್ಟಿಗೆ ಅಂದಳು. "ಅದಕ್ಕೆಲ್ಲ ನಾವು ಕೊಡೋದಿಲ್ಲಮ್ಮ." ಅದೇ ಗೋಡೆಯ ಮೇಲೆ 'ತಪ್ಪದೇ ಮತದಾನ ಮಾಡಿ' ಎಂಬ ಫ್ಲೆಕ್ಸ್ ತೂಗುತ್ತಿತ್ತಂತೆ!

ಇದು ನಮ್ಮಲ್ಲಷ್ಟೇ ಇರುವ ರೋಗವಲ್ಲ. ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸು 18ಕ್ಕೆ ಇಳಿಯಿತು. ಆಮೇಲೂ ಟೆಕ್ಸಾಸಿನ ಪ್ರೇರೀ ವ್ಯೂ ಎಂಬ ಕಪ್ಪುಜನರ ಕಾಲೇಜಿನ ವಿದ್ಯಾರ್ಥಿಗಳ ಕೈಗೆ ಅಲ್ಲಿನ ಅಧಿಕಾರಿ ಪ್ರಶ್ನಾವಳಿ ಕೊಡುತ್ತಿದ್ದ: ಇಲ್ಲಿ ಆಸ್ತಿ ಇದೆಯೇ, ಓದು ಮುಗಿದ ಮೇಲೂ ಇಲ್ಲೇ ಇರುತ್ತೀಯೇ? ಆ ಅಡ್ಡಗಾಲು ಕಿತ್ತುಹಾಕಲು 1979ರವರೆಗೆ, ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. ನಮ್ಮ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಸುಮಾರು 28 ಲಕ್ಷ ಹೆಂಗಸರ ಹೆಸರು ಬಿಟ್ಟುಹೋದವು. ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರು, ಸ್ವಂತ ಹೆಸರು ಹೇಳಿರಲಿಲ್ಲ. ಅವರಿಗೆಲ್ಲ ಆಸಕ್ತಿ ಇರಲಿಲ್ಲ ಎನ್ನೋಣವೇ?

ಹಾಲ್ ಟಿಕೆಟ್ ತಡೆಯುವ ಯೋಚನೆ ಬಿಡಿ ಸ್ವಾಮಿ. ಓಟು ಹಾಕದಿರುವುದು ಈ ದೇಶದಲ್ಲಿ ಅಪರಾಧವಲ್ಲ. ಬೇಕಾದರೆ ಪ್ರವೇಶದ ದಿನವೇ ಬೋನಫೈಡ್ ಕೊಟ್ಟುಬಿಡಿ. ಹೊಸದಾಗಿ ಹೆಸರು ಸೇರಿಸುವವರಿಗೆ ನಮೂನೆ 6. ಊರಿನ ಪಟ್ಟಿಯಲ್ಲಿ ಆಗಲೇ ಹೆಸರಿದ್ದರೆ ವಿಳಾಸ ಬದಲಿಸಲು ನಮೂನೆ 8. ಇದನ್ನು ಯಾರೂ ಹೇಳಿಕೊಡದೆ ಮಕ್ಕಳು ಮತ್ತೆ 6 ತುಂಬಿ ಸಿಕ್ಕಿಹಾಕಿಕೊಳ್ಳುತ್ತಾರೆ. ಜನವರಿ 1ಕ್ಕೆ 18 ತುಂಬಿರಬೇಕೆಂಬ ಹಳೆಯ ಲೆಕ್ಕವೂ ಈಗಿಲ್ಲ. ಏಪ್ರಿಲ್, ಜುಲೈ, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳೇ. 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದು. ಇನ್ನೊಂದು ಮಾತು: ಮತಗಟ್ಟೆಯಲ್ಲಿ ಕಾಲೇಜಿನ ಗುರುತಿನ ಚೀಟಿ ನಡೆಯುವುದಿಲ್ಲ. ಮತದಾರರ ಗುರುತಿನ ಚೀಟಿ ಇಲ್ಲದವರು ಆಧಾರ್, ಪಾನ್ ಅಥವಾ ಡ್ರೈವಿಂಗ್ ಲೈಸೆನ್ಸ್ ಒಯ್ಯಲಿ.

ನಿಜಕ್ಕೂ ನನ್ನ ತಕರಾರು ಬೇರೆಯೇ. ತರಗತಿಯ ಪ್ರತಿನಿಧಿಯನ್ನೂ ಮೇಷ್ಟ್ರೇ ನೇಮಿಸುವ ಕಾಲೇಜುಗಳಲ್ಲಿ ಮಕ್ಕಳು ಓಟು ಎಲ್ಲಿ ಕಲಿಯಬೇಕು? ಮಾಜಿ ಮುಖ್ಯ ಚುನಾವಣಾ ಆಯುಕ್ತ ಲಿಂಗ್ಡೊ ಅವರ ಸಮಿತಿ 2006ರಲ್ಲೇ ವಿದ್ಯಾರ್ಥಿ ಚುನಾವಣೆಗೆ ನಿಯಮ ಬರೆದುಕೊಟ್ಟಿತು, ಅಭ್ಯರ್ಥಿಗೆ 5,000 ರೂಪಾಯಿ ಖರ್ಚಿನ ಮಿತಿಯನ್ನೂ ಹಾಕಿತು. ಆದರೂ ಗಲಾಟೆಯ ಭಯ ತೋರಿಸಿ ಚುನಾವಣೆಯ ಮಾತೇ ಎತ್ತದ ಆಡಳಿತ ಮಂಡಳಿಗಳು, ವರ್ಷಕ್ಕೊಮ್ಮೆ ಮಕ್ಕಳ ಕೈ ಮುಂದೆ ಚಾಚಿಸಿ ಪ್ರಜಾಪ್ರಭುತ್ವದ ಪ್ರತಿಜ್ಞೆ ಮಾಡಿಸಿ ಫೋಟೊ ಮೇಲಕ್ಕೆ ಕಳಿಸುತ್ತವೆ.

ನೀವು ಈ ವಿಷಯಕ್ಕೆ ಪತ್ರ ಬರೆಯುವಷ್ಟು ಕಳಕಳಿಯವರು. ನಾಳೆ ಪ್ರಾಂಶುಪಾಲರ ಮುಂದೆ ಹಾಸ್ಟೆಲ್ ಮಕ್ಕಳ ಪಟ್ಟಿ, ಖಾಲಿ ಬೋನಫೈಡ್ ನಮೂನೆ ಇಟ್ಟು ಸಹಿ ಕೇಳಿ. ಆಗುವುದಿಲ್ಲ ಎಂದರೆ ಕಾರಣ ಬರೆಸಿಕೊಂಡು ನನಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅದನ್ನೂ ಅಚ್ಚು ಹಾಕುತ್ತೇನೆ.