ಟಿವಿಯಲ್ಲಿ ಗಾಲ್ಫ್ ನೋಡಿದರೆ ನಮ್ಮ ಆಟ ಸುಧಾರಿಸುತ್ತದಾ?

ಪ್ರಶ್ನೆ: ನನಗೆ 47 ವರ್ಷ, ಬ್ಯಾಂಕ್ ಉದ್ಯೋಗ. ಎರಡು ವರ್ಷದಿಂದ ಭಾನುವಾರ ಪಿಲಿಕುಳಕ್ಕೆ ಹೋಗಿ ಗಾಲ್ಫ್ ಆಡುತ್ತೇನೆ. 18 ಹೋಲ್‌ಗೆ ನನ್ನ ಸ್ಕೋರ್, ಅಂದರೆ ಚೆಂಡನ್ನು ಅಷ್ಟೂ ಕುಳಿಗೆ ಹಾಕಲು ಬೇಕಾದ ಹೊಡೆತಗಳ ಲೆಕ್ಕ, ಇನ್ನೂ 105ರಿಂದ ಕೆಳಗೆ ಇಳಿದಿಲ್ಲ. ದೊಡ್ಡ ಟೂರ್ನಿ ಒಂದನ್ನೂ ಬಿಡದೆ ನೋಡುತ್ತೇನೆ. ಏಪ್ರಿಲ್‌ನಲ್ಲಿ ಅಮೆರಿಕದ ಮಾಸ್ಟರ್ಸ್ ಟೂರ್ನಿಯ ಕೊನೆಯ ದಿನ ಮುಗಿಯುವಾಗ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ. "ಇಷ್ಟು ನಿದ್ದೆಗೆಟ್ಟು ನೋಡಿ ನಿಮ್ಮ ಆಟದಲ್ಲಿ ಎಂತ ಬದಲಾಗಿದೆ?" ಎಂದು ಹೆಂಡತಿ ಕೇಳಿದರು. ಉತ್ತರ ಹೊಳೆಯಲಿಲ್ಲ. ನೋಡುವುದರಿಂದ ನಿಜಕ್ಕೂ ಲಾಭ ಉಂಟಾ?
(ಓದುಗರೊಬ್ಬರು, ಕದ್ರಿ, ಮಂಗಳೂರು)

ಉತ್ತರ: ನಿಮ್ಮ ಪ್ರಶ್ನೆಗಿಂತ ನಿಮ್ಮ ಹೆಂಡತಿಯ ಪ್ರಶ್ನೆಯೇ ಚೆನ್ನಾಗಿದೆ. ಲಾಭ ಉಂಟು ಸರ್. ಆದರೆ ನೀವು ಕಣ್ಣು ನೆಟ್ಟಿರುವ ಕಡೆ ಅದು ಇಲ್ಲ ಅಂತ ನನ್ನ ಗುಮಾನಿ.

ನಮ್ಮೂರಲ್ಲಿ ಯಕ್ಷಗಾನಕ್ಕೆ 'ಆಟ' ಅಂತಲೇ ಹೇಳುವುದಲ್ವಾ. ನನ್ನ ಸೋದರಮಾವ ನಲವತ್ತು ವರ್ಷ ರಾತ್ರಿಯಿಡೀ ಆಟ ನೋಡಿದವರು. ಒಂದೇ ಒಂದು ಧೀಂಗಿಣ (ಗಿರಗಿರ ಸುತ್ತುತ್ತಾ ಹಾರುವ ಕುಣಿತ) ಹಾಕಲು ಬರುತ್ತಿರಲಿಲ್ಲ, ಹಾಕಿದ್ದರೆ ಸೊಂಟ ಹಿಡಿಯುತ್ತಿತ್ತು. ಆದರೆ ಚೆಂಡೆಯ ಪೆಟ್ಟು ಒಂದು ಹೆಚ್ಚುಕಡಿಮೆಯಾದರೂ ಅವರ ತಲೆ ತಟ್ಟನೆ ಎತ್ತಿಕೊಳ್ಳುತ್ತಿತ್ತು. ವೇಷ ಯಾವಾಗ ರಂಗಕ್ಕೆ ಬರಬೇಕು, ಪದ ಎಲ್ಲಿ ಏರಬೇಕು, ಎಲ್ಲ ಗೊತ್ತಿತ್ತು. ನೋಡಿ ನೋಡಿ ಬರುವುದು ಇಷ್ಟೇ: ಲಯ, ಮತ್ತು ಯಾವಾಗ ಎಂತ ಮಾಡಬೇಕು ಎಂಬ ಅಂದಾಜು. ಕೈಕಾಲಿನ ಕೆಲಸ ಕೈಕಾಲೇ ಕಲಿಯಬೇಕು.

ನಮಗೆ ಮೋಸವಾಗುವುದೂ ಇಲ್ಲೇ. 2018ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಅಧ್ಯಯನ ಪ್ರಕಟಿಸಿದರು. ಡಾರ್ಟ್ ಎಸೆಯುವ ವಿಡಿಯೋವನ್ನು ಕೆಲವರಿಗೆ ಒಂದೇ ಸಲ ತೋರಿಸಿದರು, ಕೆಲವರಿಗೆ 20 ಸಲ. 20 ಸಲ ನೋಡಿದವರಿಗೆ "ನಾನೂ ಎಸೆಯಬಲ್ಲೆ" ಎಂಬ ಧೈರ್ಯ ಜಾಸ್ತಿಯಾಯಿತು. ಎಸೆದು ನೋಡಿದರೆ ಗುರಿ ಮಾತ್ರ ಸುಧಾರಿಸಿರಲಿಲ್ಲ. ಕೈಚಳಕದ ಇನ್ನೊಂದು ಆಟದಲ್ಲಿ, ಆಡುವ ಸಾಮಾನನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದದ್ದೇ ತಡ, ಆ ಹುಸಿ ಧೈರ್ಯ ಇಳಿಯಿತು. ಹಾಗಾಗಿ ಟಿವಿ ಮುಂದೆ ಕೂರುವಾಗ ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್, ಅಂದರೆ ಕೋಲು) ಕೈಯಲ್ಲಿರಲಿ. ನಾನು ತಮಾಷೆಗೆ ಹೇಳುತ್ತಿಲ್ಲ.

ಟಿವಿಯವರು ಮಾಡುವ ಇನ್ನೊಂದು ಅನ್ಯಾಯ ಉಂಟು. ಕ್ಯಾಮೆರಾ ಇರುವುದು ಆ ದಿನ ಚೆನ್ನಾಗಿ ಆಡುತ್ತಿರುವವರ ಹಿಂದೆ. ಹಾಗಾಗಿ ಪಟರ್‌ನಿಂದ ಉರುಳಿಸುವ ಹೊಡೆತ, ಅಂದರೆ ಪಟ್, ಎಲ್ಲವೂ ಕುಳಿಯೊಳಗೆ ಬೀಳುತ್ತದೆ ಅಂತ ಅನ್ನಿಸುತ್ತದೆ. ಅಮೆರಿಕದ ವೃತ್ತಿಪರ ಆಟಗಾರರ ಪಿಜಿಎ ಟೂರ್‌ನಲ್ಲಿ 8 ಅಡಿ ದೂರದ ಪಟ್ ಬೀಳುವುದು ಹೆಚ್ಚುಕಡಿಮೆ ಎರಡರಲ್ಲಿ ಒಂದು. 20 ಅಡಿಯಿಂದ 100ಕ್ಕೆ ಸುಮಾರು 15 ಮಾತ್ರ. ನೀವು 8 ಅಡಿಯದ್ದು ತಪ್ಪಿಸಿಕೊಂಡು ಪಟರ್ ನೆಲಕ್ಕೆ ಕುಟ್ಟುತ್ತೀರಿ. ಅದಕ್ಕೇ ಸಂಬಳ ತೆಗೆದುಕೊಳ್ಳುವವನೂ ಅರ್ಧ ಸಲ ತಪ್ಪಿಸುತ್ತಾನೆ ಮಾರಾಯ್ರೆ!

ಗ್ರೀನಿನ, ಅಂದರೆ ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ, ವೇಗವನ್ನಂತೂ ಟಿವಿಯಿಂದ ಕಲಿಯಲೇಬೇಡಿ. ಮಾಸ್ಟರ್ಸ್ ನಡೆಯುವ ಅಗಸ್ಟಾದಲ್ಲಿ ಚೆಂಡು ಗಾಜಿನ ಮೇಲೆ ಜಾರಿದ ಹಾಗೆ ಹೋಗುತ್ತದೆ. ಅದೇ ಲೆಕ್ಕದಲ್ಲಿ, ಮಳೆ ಕುಡಿದ ನಮ್ಮ ಕರಾವಳಿಯ ಹುಲ್ಲಿನ ಮೇಲೆ ಹೊಡೆದರೆ ಚೆಂಡು ಅರ್ಧದಾರಿಯಲ್ಲೇ ಕೂರುತ್ತದೆ.

ಹಾಗಾದರೆ ನೋಡಬೇಕಾದದ್ದು ಏನು? 2019ರ ಮಾಸ್ಟರ್ಸ್ ಕೊನೆಯ ದಿನದ 12ನೇ ಹೋಲ್ ಸಿಕ್ಕಿದರೆ ಇನ್ನೊಮ್ಮೆ ನೋಡಿ. ಚಿಕ್ಕ ಪಾರ್ 3 (ಮೂರು ಹೊಡೆತದಲ್ಲಿ ಮುಗಿಸಬೇಕಾದದ್ದು), ಸುಮಾರು 155 ಗಜ. ಗ್ರೀನಿನ ಮುಂದೆ ತೋಡು. ಕುಳಿಯ ಗುರುತಿನ ಬಾವುಟ ಬಲತುದಿಯಲ್ಲಿ. ಮುಂದಿದ್ದ ಫ್ರಾನ್ಸೆಸ್ಕೊ ಮೊಲಿನಾರಿಯ ಚೆಂಡು ನೀರಿಗೆ ಬಿತ್ತು. ಬ್ರೂಕ್ಸ್ ಕೆಪ್ಕಾದ್ದೂ ಬಿತ್ತು, ಟೋನಿ ಫಿನಾವ್‌ದ್ದೂ ಬಿತ್ತು. ಟೈಗರ್ ವುಡ್ಸ್ ಬಾವುಟದ ಕಡೆ ತಿರುಗಲೇ ಇಲ್ಲ. ಎಡಕ್ಕೆ, ಗ್ರೀನಿನ ಅಗಲವಾದ ಭಾಗಕ್ಕೆ ಹೊಡೆದರು. ದೂರದ ಪಟ್ ಉಳಿಯಿತು, ಎರಡು ಹೊಡೆತದಲ್ಲಿ ಮುಗಿಸಿದರು, ಪಾರ್. ಕೊನೆಗೆ ಒಂದೇ ಹೊಡೆತದ ಅಂತರದಲ್ಲಿ ಟೂರ್ನಿ ಗೆದ್ದರು. ಆ ಹೊಡೆತದಲ್ಲಿ ಸೊಗಸು ಏನೂ ಇಲ್ಲ. ವುಡ್ಸ್ ಅವರ ಸ್ವಿಂಗ್ (ಕ್ಲಬ್ ಬೀಸುವ ರೀತಿ) ನಮಗೆ ಈ ಜನ್ಮದಲ್ಲಿ ಬರಲಿಕ್ಕಿಲ್ಲ, ಆದರೆ ಬಾವುಟ ಬಿಟ್ಟು ನಡುಗ್ರೀನಿಗೆ ಹೊಡೆಯುವ ಬುದ್ಧಿಯನ್ನು ಬರುವ ಭಾನುವಾರವೇ ಉಪಯೋಗಿಸಬಹುದು. 105 ಹೊಡೆಯುವವರು ಹೊಡೆತ ಕಳೆದುಕೊಳ್ಳುವುದು ಹೆಚ್ಚಾಗಿ ಇಂಥ ಆಸೆಯಿಂದಲೇ.

ನನ್ನದೇ ಒಂದು ಕತೆ ಕೇಳಿ. ಒಮ್ಮೆ ರಾತ್ರಿ ಫಿಲ್ ಮಿಕಲ್ಸನ್ ಚೆಂಡನ್ನು ನೆಟ್ಟಗೆ ಆಕಾಶಕ್ಕೆ ಎಬ್ಬಿಸಿ ಬಾವುಟದ ಪಕ್ಕ ಮೆತ್ತಗೆ ಇಳಿಸುವುದನ್ನು ನೋಡಿದೆ. ಮರುದಿನ ಶಿಷ್ಯರ ಎದುರೇ ಅದನ್ನು ಮಾಡಲು ಹೋದೆ. ಅವರು ಹೊಡೆಯುವುದು ಸೊಂಪಾದ ಹುಲ್ಲಿನಿಂದ. ನನ್ನ ಚೆಂಡಿನ ಕೆಳಗಿದ್ದದ್ದು ನಾಲ್ಕು ಎಸಳು ಹುಲ್ಲು, ಅದರ ಕೆಳಗೆ ಗಟ್ಟಿ ಕೆಂಪು ನೆಲ. ವೆಡ್ಜ್ (ಚೆಂಡನ್ನು ಎತ್ತರಕ್ಕೆ ಎಬ್ಬಿಸುವ ಕ್ಲಬ್) ನೆಲಕ್ಕೆ ಬಡಿದು ಪುಟಿಯಿತು. ಚೆಂಡು ಮೊಣಕಾಲೆತ್ತರದಲ್ಲಿ ಗುಂಡಿನ ಹಾಗೆ ಹಾರಿ ಗ್ರೀನು ದಾಟಿ ಪೊದೆ ಸೇರಿತು. ಶಿಷ್ಯರು ನಗಲಿಲ್ಲ, ಅದೇ ಬೇಸರ.

ಸ್ವಿಂಗೇ ನೋಡಬೇಕು ಅಂತ ಹಟ ಇದ್ದರೆ ಮಹಿಳೆಯರ ಟೂರ್ನಿ ನೋಡಿ. ಪಿಜಿಎ ಗಂಡಸರು ಡ್ರೈವರ್ (ಅತಿ ದೂರ ಹೊಡೆಯುವ ಕ್ಲಬ್) ಬೀಸುವ ವೇಗ ಗಂಟೆಗೆ ಸುಮಾರು 115 ಮೈಲಿ. ಮಹಿಳೆಯರ ಎಲ್‌ಪಿಜಿಎಯಲ್ಲಿ ಸುಮಾರು 94. ಸಾಧಾರಣ ಹವ್ಯಾಸಿ ಗಂಡಸಿನದ್ದೂ ಅದರ ಆಸುಪಾಸೇ. ಅಂದರೆ ನಿಮ್ಮದೇ ವೇಗದಲ್ಲಿ ಅವರು ನಿಮಗಿಂತ ಎಷ್ಟೋ ದೂರ, ಎಷ್ಟೋ ನೇರ ಹೊಡೆಯುತ್ತಾರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಡ್ರೈವ್ ದೂರದಲ್ಲಿ ಹಿಂದಿನ ಸಾಲಿನವರು. ಆದರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಾಯಿಯೇ ಕ್ಯಾಡಿಯಾಗಿ (ಕ್ಲಬ್‌ಗಳ ಚೀಲ ಹೊರುವ ಸಹಾಯಕಿಯಾಗಿ) ಜೊತೆಗಿದ್ದಾಗ, ನಾಲ್ಕನೇ ಸ್ಥಾನಕ್ಕೆ ಬಂದರು. ಒಂದೇ ಹೊಡೆತದಿಂದ ಪದಕ ತಪ್ಪಿತು. ಚಿಪ್ (ಗ್ರೀನಿನ ಹತ್ತಿರದಿಂದ ಹೊಡೆಯುವ ಚಿಕ್ಕ ಹೊಡೆತ) ಮತ್ತು ಪಟ್‌ನ ಬಲದಿಂದ ಅಲ್ಲಿವರೆಗೆ ಹೋದವರು ಅವರು. ಅವರ ಪಟ್ ನೋಡುವಾಗ ಚೆಂಡಿನ ಹಿಂದೆ ಓಡಬೇಡಿ, ಅವರ ತಲೆ ಎಷ್ಟು ಹೊತ್ತು ಅಲುಗಾಡದೆ ಇರುತ್ತದೆ ನೋಡಿ.

ಸ್ವಿಂಗಿನಲ್ಲಿ ಕದಿಯಬಹುದಾದದ್ದು ಒಂದೇ, ಲಯ. ಪಳಗಿದ ಆಟಗಾರರಲ್ಲಿ ಕ್ಲಬ್ ಹಿಂದೆ ಎತ್ತುವ ಹೊತ್ತು, ಕೆಳಗೆ ತರುವ ಹೊತ್ತಿನ ಸುಮಾರು ಮೂರು ಪಟ್ಟು. ನಮ್ಮವರು ಹಿಂದೆ ಎತ್ತುವುದನ್ನೇ ಬಸ್ಸು ತಪ್ಪಿಹೋಗುವವರ ಹಾಗೆ ಮುಗಿಸುತ್ತಾರೆ. ಟಿವಿಯ ಸದ್ದು ತೆಗೆದು, ಅವರ ಸ್ವಿಂಗಿಗೆ ಬಾಯಲ್ಲೇ ತಾಳ ಹಾಕಿ. ಮರುದಿನ ಅದೇ ತಾಳಕ್ಕೆ ಮಧ್ಯಮ ದೂರದ ಕ್ಲಬ್ 7 ಐರನ್‌ನಲ್ಲಿ ಇಪ್ಪತ್ತು ಚೆಂಡು ಹೊಡೆಯಿರಿ. ಇಪ್ಪತ್ತು ಸಾಕು. ಒಂದು ವಾರ ಬಿಟ್ಟು ಹೊಡೆದರೆ ತಾಳ ಮರೆತಿರುತ್ತದೆ.

ಇನ್ನೊಂದು ವಿಡಿಯೋವನ್ನೂ ನೋಡಲೇಬೇಕು, ನಿಮ್ಮದು. ಮೊಬೈಲನ್ನು ಗುರಿಗೆ ಎದುರಿನ ಕಡೆ, ಚೆಂಡಿನ ಹಿಂದಿನಿಂದ, ಗುರಿಯ ಗೆರೆಗೆ ಸರಿಯಾಗಿ, ಸೊಂಟದ ಎತ್ತರದಲ್ಲಿ ಹಿಡಿದು ತೆಗೆಸಿ. ಮೊದಲ ಸಲ ನೋಡಿದಾಗ "ಇದು ನಾನಲ್ಲ" ಅನ್ನುತ್ತೀರಿ, ಎಲ್ಲರೂ ಹಾಗೇ ಅನ್ನುವುದು. ಮೊಬೈಲ್ ಹಿಡಿಯಲು ನಿಮ್ಮ ಹೆಂಡತಿಯನ್ನೇ ಒಂದು ಭಾನುವಾರ ಪಿಲಿಕುಳಕ್ಕೆ ಕರೆದುಕೊಂಡು ಹೋಗಿ. ಎಂತ ಬದಲಾಗಿದೆ ಅಂತ ಅವರೇ ಹೇಳುತ್ತಾರೆ.