ನೀವು ಕೇಳಿದ್ದೀರಿ: ಪದಕವೇ ಇಲ್ಲದ ಓಟಗಾರನಿಗೆ ಇಷ್ಟೊಂದು ಅಭಿಮಾನಿಗಳು ಯಾಕೆ?

ಕಳೆದ ಸಂಚಿಕೆಯಲ್ಲಿ ದೂರದ ಓಟದ ಬಗ್ಗೆ ಬರೆಯುವಾಗ ಅಮೆರಿಕದ ಸ್ಟೀವ್ ಪ್ರೀಫಾಂಟೇನ್ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆ ಒಂದು ಸಾಲಿನ ಬಗ್ಗೆಯೇ! ಹಾಗಾಗಿ ಈ ಸಲದ ಪುಟ ಪೂರ್ತಿ ಅವನಿಗೇ. 24 ವರ್ಷಕ್ಕೇ ಹೋದವನು, ನನ್ನ ಬಾಯಿಗೆ ಏಕವಚನವೇ ಬರುತ್ತದೆ. ಬಹುವಚನ ಬಯಸುವವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ಒಲಿಂಪಿಕ್ಸ್ ಪದಕ ಇಲ್ಲ, ವಿಶ್ವ ದಾಖಲೆ ಇಲ್ಲ, ಸತ್ತು ಐವತ್ತು ವರ್ಷವಾಯಿತು. ಆದರೂ ಓಟದವರು ಇವನ ಹೆಸರು ಕೇಳಿದರೆ ಕಣ್ಣರಳಿಸುತ್ತಾರೆ. ಇದು ಸುಮ್ನೆ ಪ್ರಚಾರದ ಮಹಿಮೆ ಅಲ್ವಾ?

ಪ್ರಚಾರ ಸ್ವಲ್ಪ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರಚಾರ ಶುರುವಾಗುವ ಮೊದಲೇ ಅಭಿಮಾನಿಗಳು ಇದ್ದರು.

ಮೊದಲು ಲೆಕ್ಕ ನೋಡಿಬಿಡೋಣ. 1951ರಲ್ಲಿ ಆರೆಗಾನ್ ರಾಜ್ಯದ ಕೂಸ್ ಬೇ ಎಂಬ ಊರಿನಲ್ಲಿ ಹುಟ್ಟಿದ. ಮರ ಕಡಿಯುವವರು, ಹಡಗುಕಟ್ಟೆಯವರು ಇರುವ, ಮೈಕೈ ಗಟ್ಟಿ ಇರಬೇಕಾದ ಊರು. ಸತ್ತಾಗ 2,000 ಮೀಟರ್‌ನಿಂದ 10,000 ಮೀಟರ್‌ವರೆಗೆ ಏಳು ದೂರಗಳ ಅಮೆರಿಕನ್ ದಾಖಲೆ ಅವನ ಹೆಸರಿನಲ್ಲಿತ್ತು. ವಿಶ್ವ ಮಟ್ಟಕ್ಕೆ ಬಂದರೆ ಮಾತ್ರ ಚಿತ್ರ ಬೇರೆ. 5,000 ಮೀಟರ್‌ನಲ್ಲಿ ಅವನ ಅತ್ಯುತ್ತಮ ಸಮಯ 13 ನಿಮಿಷ 21.9 ಸೆಕೆಂಡ್. ಆಗಿನ ವಿಶ್ವ ದಾಖಲೆ ಬೆಲ್ಜಿಯಂನ ಪುಟ್ಟೆಮಾನ್ಸ್ ಹೆಸರಿನಲ್ಲಿ, 13 ನಿಮಿಷ 13.0. ಎಂಟೊಂಬತ್ತು ಸೆಕೆಂಡ್ ಅಂದರೆ ಆ ಮಟ್ಟದಲ್ಲಿ ಸಣ್ಣ ಅಂತರವಲ್ಲ. ಹಾಗಾಗಿ 'ಪ್ರಪಂಚದಲ್ಲೇ ಅವನಷ್ಟು ವೇಗ ಯಾರಿಗೂ ಇರಲಿಲ್ಲ' ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ಜನ ಏನು ನೋಡಿದರು? ದೂರದ ಓಟ ನೋಡಿದ್ದೀರಲ್ಲ, ಹನ್ನೊಂದು ಸುತ್ತು ಎಲ್ಲರೂ ಗುಂಪಾಗಿ, ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಓಡುತ್ತಾರೆ. ಕೊನೇ ಸುತ್ತಿನಲ್ಲಿ ಯಾರಿಗೆ ಕಿಕ್, ಅಂದರೆ ಕೊನೆಗೆ ವೇಗ ಏರಿಸುವ ಶಕ್ತಿ, ಇದೆಯೋ ಅವರು ಗೆಲ್ಲುತ್ತಾರೆ. ಜಾಣತನ ಅದೇ, ಒಪ್ಪೋಣ. ನೋಡುವವರಿಗೆ ಮಾತ್ರ ಹತ್ತು ನಿಮಿಷ ಆಕಳಿಕೆ. ಪ್ರೀ (ಅಭಿಮಾನಿಗಳ ಬಾಯಲ್ಲಿ ಪ್ರೀಫಾಂಟೇನ್ ಬರೀ ಪ್ರೀ) ಹಾಗೆ ಕಾಯುತ್ತಿರಲಿಲ್ಲ. ಮುಂದೆ ಹೋಗಿ, ಗಾಳಿಗೆ ತಾನೇ ಎದೆ ಕೊಟ್ಟು, ಹಿಂದಿನವರು ಒಬ್ಬೊಬ್ಬರಾಗಿ ಕಳಚಿಕೊಳ್ಳುವವರೆಗೆ ಎಳೆಯುತ್ತಿದ್ದ. ಯಾರು ವೇಗವಾಗಿ ಓಡುತ್ತಾರೆ ಅಂತ ನೋಡಲಿಕ್ಕೆ ತುಂಬ ಜನ ಓಡುತ್ತಾರೆ, ಯಾರಿಗೆ ಗುಂಡಿಗೆ ಜಾಸ್ತಿ ಅಂತ ನೋಡಲಿಕ್ಕೆ ನಾನು ಓಡುತ್ತೇನೆ ಎನ್ನುವ ಅರ್ಥದ ಅವನ ಮಾತು ಇವತ್ತಿಗೂ ಟೀ ಶರ್ಟುಗಳ ಮೇಲೆ ಸಿಗುತ್ತದೆ.

ಆರೆಗಾನ್‌ನ ಯೂಜೀನ್ ನಗರದ ಹೇವರ್ಡ್ ಫೀಲ್ಡ್ ಕ್ರೀಡಾಂಗಣ ಅವನ ಮನೆಯಂಗಳ. ಅಲ್ಲಿ 38 ಓಟಗಳಲ್ಲಿ 35 ಗೆದ್ದ. ಸೋತ ಮೂರೂ ಒಂದು ಮೈಲಿಯ ಓಟಗಳು, ಅಂದರೆ ಅವನಿಗೆ ಚಿಕ್ಕದೇ ಅನ್ನಬಹುದಾದ ದೂರ. ಆಗ ಅಲ್ಲಿ ಮರದ ಗ್ಯಾಲರಿ ಇತ್ತು, ಅವನು ಎದುರಿಗೆ ಬಂದಾಗಲೆಲ್ಲ ಜನ ಹಲಗೆ ಮೇಲೆ ಕಾಲು ಬಡಿಯುತ್ತಿದ್ದರು. ಅವನು ಸುತ್ತು ಹಾಕಿದಂತೆ ಆ ಸದ್ದೂ ಅವನ ಜೊತೆಗೇ ಸುತ್ತುತ್ತಿತ್ತು. ಗೆದ್ದ ಮೇಲೆ ಸೀದಾ ಒಳಗೆ ಹೋಗದೆ ಇನ್ನೊಂದು ಸುತ್ತು ಜನರಿಗಾಗಿ ಓಡುತ್ತಿದ್ದ. ಆ ಪ್ರೇಕ್ಷಕರಿಗೆ 'ಪ್ರೀಯ ಜನ' ಅಂತಲೇ ಹೆಸರು ಬಿತ್ತು. ತಂಡಕ್ಕೆ ಅಭಿಮಾನಿ ಬಳಗ ಇರುವುದು ಎಲ್ಲ ಕಡೆ ಇದೆ. ಒಬ್ಬ 5,000 ಮೀಟರ್ ಓಟಗಾರನಿಗೆ ಇರುವುದು ಅಪರೂಪ.

ಪ್ರಶ್ನೆ: ಮ್ಯೂನಿಕ್‌ನಲ್ಲಿ ಸೋತ ಓಟವನ್ನೇ ಅಭಿಮಾನಿಗಳು ಹಬ್ಬ ಮಾಡುತ್ತಾರಂತೆ. ಸೋಲಿನಲ್ಲಿ ಏನಿದೆ ಅಂಥದ್ದು?

1972ರ ಒಲಿಂಪಿಕ್ಸ್. ಅವನಿಗೆ 21 ವರ್ಷ, ಎದುರಿಗೆ ಇದ್ದವರು ಅನುಭವಿಗಳು. ಅದರ ಮೇಲೆ ಸೆಪ್ಟೆಂಬರ್ 5ರಂದು ಕ್ರೀಡಾಗ್ರಾಮದಲ್ಲಿ ಇಸ್ರೇಲಿ ತಂಡದ ಮೇಲೆ ದಾಳಿಯಾಗಿ 11 ಮಂದಿ ಸತ್ತಿದ್ದರು. ಕೂಟ ಒಂದು ದಿನ ನಿಂತು ಮುಂದುವರಿಯಿತು. 5,000 ಮೀಟರ್ ಫೈನಲ್ ನಡೆದದ್ದು ಸೆಪ್ಟೆಂಬರ್ 10ಕ್ಕೆ.

ಆ ಓಟದ ವಿಡಿಯೊ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೊದಲ ಎಂಟು ಸುತ್ತು ನಿಧಾನ. ನಾಲ್ಕು ಸುತ್ತು ಉಳಿದಾಗ ಪ್ರೀ ಮುಂದೆ ಹೋಗುತ್ತಾನೆ, ಓಟ ಅಲ್ಲಿ ಶುರುವಾಗುತ್ತದೆ. ಕೊನೆಯ ಸುತ್ತಿನಲ್ಲಿ ಫಿನ್ಲೆಂಡಿನ ಲಾಸ್ಸೆ ವಿರೆನ್, ಟುನೀಷಿಯಾದ ಗಮ್ಮೂದಿ ಇಬ್ಬರೂ ಅವನನ್ನು ದಾಟುತ್ತಾರೆ. ಅವನು ಮತ್ತೆ ನುಗ್ಗುತ್ತಾನೆ, ಅವರು ಮತ್ತೆ ಬಾಗಿಲು ಹಾಕುತ್ತಾರೆ. ಮೂರನೇ ಸ್ಥಾನಕ್ಕೆ ಸುಮ್ಮನೆ ನಿಂತಿದ್ದರೆ ಕಂಚು ಖಾತ್ರಿ ಇತ್ತೇನೋ. ನಿಲ್ಲಲಿಲ್ಲ. ಕೊನೆಯ ಐವತ್ತು ಮೀಟರ್ ನೋಡಿ, ಮಂಡಿ ಮೇಲೆ ಏಳುತ್ತಿಲ್ಲ, ತಲೆ ಒಂದು ಕಡೆ ವಾಲಿದೆ, ಕಾಲು ಸೀಸದ ಹಾಗೆ. ಗೆರೆ ಇನ್ನೇನು ಬಂತು ಅನ್ನುವಾಗ ಬ್ರಿಟನ್ನಿನ ಇಯಾನ್ ಸ್ಟೂವರ್ಟ್ ಪಕ್ಕದಿಂದ ದಾಟಿಬಿಡುತ್ತಾನೆ. ವಿರೆನ್ 13:26.4, ಸ್ಟೂವರ್ಟ್ 13:27.6, ಪ್ರೀ 13:28.4. ಕಂಚಿಗೆ 0.8 ಸೆಕೆಂಡ್ ಕಡಿಮೆ ಬಿತ್ತು.

ಕಂಚಿಗಾಗಿ ಓಡಿ ಕಂಚು ಗೆದ್ದಿದ್ದರೆ ಇವತ್ತು ಈ ಪತ್ರ ನೀವು ಬರೆಯುತ್ತಿರಲಿಲ್ಲ ಎಂದು ನನ್ನ ಗಟ್ಟಿ ಅನುಮಾನ.

ಪ್ರಶ್ನೆ: 'ಸ್ಟಾಪ್ ಪ್ರೀ' ಎಂಬ ಅಂಗಿ ಅವನ ವಿರೋಧಿಗಳದ್ದಾ, ಅಭಿಮಾನಿಗಳದ್ದಾ?

ತಮಾಷೆಯೇ ಅದು. 1972ರ ಒಲಿಂಪಿಕ್ ಆಯ್ಕೆ ಕೂಟದಲ್ಲಿ ಎದುರಾಳಿ ಗೆರಿ ಲಿಂಡ್‌ಗ್ರೆನ್ ಆ ಅಂಗಿ ಹಾಕಿಕೊಂಡು ವಾರ್ಮಪ್‌ಗೆ ಬಂದ. ಪ್ರೀ ಅಮೆರಿಕನ್ ದಾಖಲೆಯೊಂದಿಗೆ ಗೆದ್ದ. ಆಮೇಲೆ ಗ್ಯಾಲರಿಯಿಂದ ಅಂಥದ್ದೇ ಒಂದು ಅಂಗಿ ತೆಗೆದುಕೊಂಡು, ತಾನೇ ಹಾಕಿಕೊಂಡು ಗೆಲುವಿನ ಸುತ್ತು ಓಡಿದ. ಅಂದಿನಿಂದ ಅದು ಅಭಿಮಾನಿಗಳ ಅಂಗಿಯಾಯಿತು.

ಪ್ರಶ್ನೆ: ರಸ್ತೆ ಬದಿಯ ಒಂದು ಬಂಡೆಗೆ ಓಟಗಾರರು ಪದಕ ತಂದು ಹಾಕುತ್ತಾರೆ ಎಂದು ಕೇಳಿದೆ. ಕಷ್ಟಪಟ್ಟು ಗೆದ್ದದ್ದನ್ನು ಬಂಡೆಗೆ ಕೊಡುವುದೇ? ನನಗೆ ಅರ್ಥವಾಗಲಿಲ್ಲ.

1975ರ ಮೇ 29ರ ಸಂಜೆ ಹೇವರ್ಡ್ ಫೀಲ್ಡ್‌ನಲ್ಲಿ 5,000 ಮೀಟರ್ ಗೆದ್ದ. 13:23.8, ಅವನದೇ ದಾಖಲೆಗಿಂತ ಬರೀ 1.9 ಸೆಕೆಂಡ್ ನಿಧಾನ. ಓಟ ಮುಗಿದ ಮೇಲೆ ಪಾರ್ಟಿ. ನಡುರಾತ್ರಿ ದಾಟಿದ ಮೇಲೆ ಗೆಳೆಯ ಫ್ರಾಂಕ್ ಶಾರ್ಟರ್‌ನನ್ನು, ಅಂದರೆ 1972ರ ಮ್ಯಾರಥಾನ್ ಚಿನ್ನದವನನ್ನು, ಉಳಿದುಕೊಂಡಿದ್ದ ಮನೆಗೆ ಬಿಟ್ಟು ಸ್ಕೈಲೈನ್ ರಸ್ತೆಯ ಇಳಿಜಾರಿನಲ್ಲಿ ಬರುವಾಗ ಕಾರು ಬಂಡೆಗೆ ಹೊಡೆದು ಮಗುಚಿತು. ಅವನು ಕಾರಿನಡಿ ಸಿಕ್ಕಿಕೊಂಡು ಸತ್ತ. ಅದೇ ಬಂಡೆ ಈಗ 'ಪ್ರೀಯ ಬಂಡೆ'.

ಫೋಟೊಗಳನ್ನು ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ, ಅಲ್ಲಿ ಬರೀ ಗೆದ್ದವರ ಪದಕಗಳಿಲ್ಲ. ಮಳೆಗೆ ನೆನೆದು ಅಂಕಿ ಅಳಿಸಿಹೋದ, ಓಟಗಾರರು ಎದೆಗೆ ಚುಚ್ಚಿಕೊಳ್ಳುವ ಬಿಬ್ ನಂಬರುಗಳಿವೆ, ಮೂಲೆಯಲ್ಲಿ ಪಿನ್ನು ಹಾಗೇ ಇರುತ್ತದೆ. ಒಂದಕ್ಕೊಂದು ಗಂಟು ಬಿದ್ದ ರಿಬ್ಬನ್ನುಗಳು. ಹಿಮ್ಮಡಿ ಸವೆದ ಶೂ. ಅಲ್ಲಿಗೆ ಹೋಗುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಅವನು ಸತ್ತ ಎಷ್ಟೋ ವರ್ಷಕ್ಕೆ ಹುಟ್ಟಿದವರು. ಹೇವರ್ಡ್‌ನಲ್ಲಿ ಓಟ ಇದ್ದರೆ ಹಿಂದಿನ ದಿನ ಬಂಡೆಗೆ ಹೋಗಿ ಬರುವವರಿದ್ದಾರೆ. ಹರಕೆ ಅನ್ನಿ, ಅಥವಾ ಹಿರಿಯರಿಗೆ ಒಂದು ಮಾತು ಹೇಳಿ ಹೋದ ಹಾಗೆ ಅನ್ನಿ. ಪದಕ ಗೋಡೆಗೆ ನೇತು ಹಾಕಿದರೆ ನಾವೇ ನೋಡಬೇಕು. ಅಲ್ಲಿ ಇಟ್ಟರೆ ಇನ್ನೊಬ್ಬ ಓಟಗಾರ ನೋಡುತ್ತಾನೆ, ಅದರ ಬೆಲೆ ಅವನಿಗೆ ಗೊತ್ತು. ನನಗಂತೂ ಅರ್ಥವಾಗುತ್ತದೆ.

ಹೋಗುವ ಯೋಚನೆ ಇದ್ದರೆ ಒಂದು ಮಾತು: ಅದು ಜನ ವಾಸಿಸುವ ಜಾಗದ ಕಿರಿದಾದ, ತಿರುವಿನ ರಸ್ತೆ. ಕಾರು ದೂರ ನಿಲ್ಲಿಸಿ ನಡೆದು ಹೋಗಿ.

ಪ್ರಶ್ನೆ: ಕುಡಿದು ಓಡಿಸುತ್ತಿದ್ದನಂತೆ. ಇದನ್ನು ಯಾಕೆ ಯಾರೂ ಬರೆಯುವುದಿಲ್ಲ?

ಬರೆದಿದ್ದಾರೆ. ರಕ್ತದಲ್ಲಿ ಮದ್ಯದ ಪ್ರಮಾಣ 0.16 ಎಂದು ಅಂದು ವರದಿಯಾಯಿತು. ಅದು ಅಂದಿನ ಮಿತಿಗಿಂತ ಜಾಸ್ತಿ. ಪರೀಕ್ಷೆ ನಡೆದ ರೀತಿಯ ಬಗ್ಗೆ, ಇನ್ನೊಂದು ಕಾರು ಎದುರಿಗೆ ಬಂದಿತ್ತೇ ಎನ್ನುವ ಬಗ್ಗೆ ಅವನ ಕಡೆಯವರು ಇವತ್ತಿಗೂ ವಾದ ಮಾಡುತ್ತಾರೆ. ಅಭಿಮಾನಿ ಆದವರು ಇದನ್ನು ಮುಚ್ಚಿಡಬೇಕಾಗಿಲ್ಲ. ಓಟವೂ ಅವನದೇ, ಆ ರಾತ್ರಿಯೂ ಅವನದೇ.

ಪ್ರಶ್ನೆ: ಬದುಕಿದ್ದರೆ 1976ರ ಮಾಂಟ್ರಿಯಲ್‌ನಲ್ಲಿ ಚಿನ್ನ ಖಂಡಿತ ಅಲ್ವಾ?

ಖಂಡಿತ ಅಂತ ನಾನು ಹೇಳಲಾರೆ. ಅಲ್ಲಿ ವಿರೆನ್ 5,000 ಮತ್ತು 10,000 ಎರಡನ್ನೂ ಮತ್ತೆ ಗೆದ್ದ. ಅವನ 5,000ದ ಸಮಯ 13:24.76, ಪ್ರೀಯ ಅತ್ಯುತ್ತಮಕ್ಕಿಂತ ನಿಧಾನವೇ. ಆದರೆ ಒಲಿಂಪಿಕ್ ಫೈನಲ್ ಗಡಿಯಾರದ ಜೊತೆ ಓಡುವುದಲ್ಲವಲ್ಲ. ಕೊನೆಯ ಸುತ್ತಿನಲ್ಲಿ ವಿರೆನ್‌ನನ್ನು ಅಲುಗಾಡಿಸುವುದು ಹೇಗೆ ಎಂಬ ಪ್ರಶ್ನೆ ಹಾಗೇ ಇರುತ್ತಿತ್ತು. ಪದಕ? ಬರುತ್ತಿತ್ತು ಅಂತ ನನಗೂ ಆಸೆ.

ಪ್ರಶ್ನೆ: ಓಟದ ಹೊರಗೆ ಅವನು ಬಿಟ್ಟುಹೋದದ್ದು ಏನಾದರೂ ಇದೆಯಾ?

ಇದೆ, ಅದರ ಬಗ್ಗೆ ಮಾತು ಕಡಿಮೆ. ಆಗ ಅಥ್ಲೀಟ್ ಅಂದರೆ ಹವ್ಯಾಸಿ, ಓಡಿ ದುಡ್ಡು ಮಾಡಿದರೆ ಒಲಿಂಪಿಕ್ಸ್ ಬಾಗಿಲು ಮುಚ್ಚಿತು. ಯಾರು ಎಲ್ಲಿ ಓಡಬೇಕು ಎನ್ನುವುದನ್ನು ಎಎಯು ಎಂಬ ಸಂಸ್ಥೆ ತೀರ್ಮಾನಿಸುತ್ತಿತ್ತು. ಪ್ರೀ ಟ್ರೇಲರ್ ಮನೆಯಲ್ಲಿದ್ದ, ಸರ್ಕಾರದ ಆಹಾರ ಕೂಪನ್ ಮೇಲೆ ಊಟ. ವೃತ್ತಿಪರನಾಗು ಎಂದು ಬಂದ 2,00,000 ಡಾಲರ್‌ನ ಕರೆಯನ್ನು ಒಲ್ಲೆ ಅಂದ, ಯಾಕೆಂದರೆ ಮಾಂಟ್ರಿಯಲ್‌ನಲ್ಲಿ ಓಡಬೇಕಿತ್ತು. ಆದರೆ ಬಾಯಿ ಮುಚ್ಚಿಕೊಂಡು ಕೂರಲಿಲ್ಲ. 1975ರಲ್ಲಿ ಫಿನ್ಲೆಂಡಿನ ಓಟಗಾರರನ್ನು ತಾನೇ ಕರೆಸಿ ಆರೆಗಾನ್‌ನಲ್ಲಿ ಓಟ ಏರ್ಪಡಿಸಿದ, ಸ್ವಂತ ಊರು ಕೂಸ್ ಬೇಯಲ್ಲೂ ಓಡಿ 2,000 ಮೀಟರ್ ದಾಖಲೆ ಮಾಡಿದ. 1978ರಲ್ಲಿ ಕಾನೂನು ಬಂದು ಎಎಯು ಹಿಡಿತ ಹೋಯಿತು. ಅದು ಇವನೊಬ್ಬನ ಸಾಧನೆ ಅನ್ನುವುದು ಅತಿಯಾಯಿತು, ಕೂಗಿದವರು ತುಂಬ ಜನ. ಇವನ ದನಿ ಮಾತ್ರ ಸ್ವಲ್ಪ ದೊಡ್ಡದಿತ್ತು.

ಇನ್ನೊಂದು ನನಗೆ ತುಂಬ ಇಷ್ಟವಾದದ್ದು. ನೈಕಿ ಆಗಿನ್ನೂ ಚಿಕ್ಕ ಕಂಪನಿ, ಅವನ ಕೋಚ್ ಬಿಲ್ ಬೋವರ್‌ಮನ್ ಅದರ ಪಾಲುದಾರ. ಅಲ್ಲಿ ಕೆಲಸಕ್ಕೆ ಸೇರಿದ ಪ್ರೀ ಬೇರೆ ಬೇರೆ ಓಟಗಾರರಿಗೆ ಪತ್ರ ಬರೆದು ಶೂ ಕಳಿಸುತ್ತಿದ್ದ. ಬಿಲ್ ರಾಜರ್ಸ್‌ಗೂ ಒಂದು ಜೊತೆ ಹೋಯಿತು. 1975ರ ಏಪ್ರಿಲ್‌ನಲ್ಲಿ ರಾಜರ್ಸ್ ಅದನ್ನೇ ಹಾಕಿಕೊಂಡು ಬಾಸ್ಟನ್ ಮ್ಯಾರಥಾನ್ ಗೆದ್ದ, 2 ಗಂಟೆ 9 ನಿಮಿಷ 55 ಸೆಕೆಂಡ್, ಅಮೆರಿಕನ್ ದಾಖಲೆ. ಅದೂ ಮಧ್ಯೆ ನಿಂತು ಲೇಸ್ ಕಟ್ಟಿಕೊಂಡು!

ಯೂರೋಪಿನಲ್ಲಿ ಕಂಡ ಮೆತ್ತಗಿನ ಓಟದ ಹಾದಿ ನಮ್ಮಲ್ಲೂ ಬೇಕು ಎಂದು ಪಟ್ಟು ಹಿಡಿದಿದ್ದ. ಮರದ ಚಕ್ಕೆ ಹಾಸಿದ 'ಪ್ರೀ ಹಾದಿ' ಯೂಜೀನ್‌ನಲ್ಲಿ ಇವತ್ತೂ ಇದೆ. ಅವನು ಸತ್ತ ಕೆಲವೇ ದಿನಕ್ಕೆ ಅವನ ಹೆಸರು ಪಡೆದ ಪ್ರೀಫಾಂಟೇನ್ ಕ್ಲಾಸಿಕ್ ಕೂಟ ಈಗಲೂ ಹೇವರ್ಡ್ ಫೀಲ್ಡ್‌ನಲ್ಲೇ ನಡೆಯುತ್ತದೆ. 2025ರಲ್ಲಿ ಅದೇ ಕೂಟದಲ್ಲಿ ಕೆನ್ಯಾದ ಬಿಯಾಟ್ರಿಸ್ ಚೆಬೆಟ್ 5,000 ಮೀಟರನ್ನು 13:58.06ರಲ್ಲಿ ಓಡಿದಳು. 14 ನಿಮಿಷದೊಳಗೆ ಓಡಿದ ಮೊದಲ ಮಹಿಳೆ. ಆ ಗ್ಯಾಲರಿಯ ಸದ್ದು ಕೇಳಿದವರಿಗೆ ಅವನ ನೆನಪು ಬಾರದೆ ಇರುತ್ತದೆಯೇ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ, 3,000 ಮೀಟರ್ ಓಡುತ್ತಾಳೆ. ಪ್ರೀಯ ಚಿತ್ರ ಗೋಡೆಗೆ ಅಂಟಿಸಿಕೊಂಡಿದ್ದಾಳೆ. ಮೊದಲ ಸುತ್ತು ಜೀವ ಬಿಟ್ಟು ಓಡಿ ಎಲ್ಲರಿಗಿಂತ ಮುಂದೆ ಇರುತ್ತಾಳೆ, ಆಮೇಲೆ ಕೊನೆಯವಳಾಗಿ ಅಳುತ್ತಾ ಬರುತ್ತಾಳೆ. ಹೇಳಿದರೆ 'ಪ್ರೀ ಹೀಗೇ ಓಡುತ್ತಿದ್ದ' ಅನ್ನುತ್ತಾಳೆ. ಏನು ಮಾಡಲಿ?

ಚಿತ್ರ ತೆಗೆಸಬೇಡಿ. ಆದರೆ ಅವಳು ಅವನನ್ನು ತಪ್ಪಾಗಿ ಓದಿಕೊಂಡಿದ್ದಾಳೆ, ಅದನ್ನು ಹೇಳಿ. ಮುಂದೆ ಓಡುವುದು ಅಂದರೆ ಮೊದಲ ಸುತ್ತು ಸ್ಪ್ರಿಂಟ್ ಅಲ್ಲ. ಬೇರೆಯವರಿಗೆ ಕಷ್ಟ ಅನ್ನಿಸುವ ವೇಗವನ್ನು ಬಿಡದೆ ಹಿಡಿದುಕೊಳ್ಳುವುದು. 1969ರಲ್ಲಿ ಅವನು ಹೈಸ್ಕೂಲಿನಲ್ಲಿ ಎರಡು ಮೈಲಿಯನ್ನು 8:41.5ರಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದ. ಎಂಟು ಸುತ್ತು, ಸರಾಸರಿ ಸುತ್ತಿಗೆ 65 ಸೆಕೆಂಡ್. ಮೊದಲ ಸುತ್ತನ್ನೇ 55ಕ್ಕೆ ಓಡಿದ್ದರೆ ಅದು ಆಗುತ್ತಿತ್ತಾ? ಮ್ಯೂನಿಕ್‌ನಲ್ಲೂ ಎಂಟು ಸುತ್ತು ತಡೆದುಕೊಂಡೇ ಮುಂದೆ ಹೋದದ್ದು. ಇನ್ನೂ ಒಂದು ವಿಷಯ ಹೇಳಿ, ಹೈಸ್ಕೂಲಿನ ಎರಡನೇ ವರ್ಷ ಅವನು ರಾಜ್ಯ ಮಟ್ಟದ ಕೂಟಕ್ಕೆ ಆಯ್ಕೆಯೇ ಆಗಿರಲಿಲ್ಲ.

ಈಗ ನಿಮ್ಮ ಕೆಲಸ. 3,000 ಅಂದರೆ ಏಳೂವರೆ ಸುತ್ತು. ಅವಳ ಸಮಯ 13 ನಿಮಿಷ ಎಂದಿಟ್ಟುಕೊಳ್ಳಿ, ಸುತ್ತಿಗೆ 104 ಸೆಕೆಂಡ್, ಅರ್ಧ ಸುತ್ತಿಗೆ 52. ಅಭ್ಯಾಸದ ದಿನ ಓಟ ಶುರುವಾದ ಜಾಗದಿಂದ 200 ಮೀಟರ್ ಗುರುತಿನಲ್ಲಿ ಗಡಿಯಾರ ಹಿಡಿದು ನಿಂತು ಬರೀ ಸಂಖ್ಯೆ ಕೂಗಿ. 45 ಬಂದರೆ ಅವಳೇ ತಡೆದುಕೊಳ್ಳುವುದನ್ನು ಕಲಿಯಲಿ. ನಾಲ್ಕೈದು ವಾರ ಬೇಕಾಗುತ್ತದೆ, ಮೊದಲೆರಡು ಸಲ ಸಿಟ್ಟು ಮಾಡಿಕೊಳ್ಳುತ್ತಾಳೆ. ಕೊನೆಯ ಎರಡು ಸುತ್ತು ಮಾತ್ರ ಅವಳಿಷ್ಟ, ಎಷ್ಟು ಬೇಕಾದರೂ ನುಗ್ಗಲಿ. ಮತ್ತೆ ನೋಡಿ, ಮೊದಲ ಸುತ್ತಿನಲ್ಲಿ ಅವಳು ಐದನೆಯವಳೋ ಆರನೆಯವಳೋ ಆಗಿ ಬಂದರೆ 'ಹಿಂದೆ ಬಿದ್ದಿದ್ದೀಯ' ಅಂತ ಗ್ಯಾಲರಿಯಿಂದ ಕೂಗುವ ಅಪ್ಪ ಅಮ್ಮ ಇರುತ್ತಾರಲ್ಲ, ನೀವು ಹಾಗೆ ಮಾಡಬೇಡಿ.